ಬಸ್ಸು ನಿಂತರೂ ನಿಲ್ಲಬಾರದ ಕೆಲಸ



ಸಿಸ್ಟಿಕ್ ಫೈಬ್ರೋಸಿಸ್ ಕುರಿತ ಈ ಸಂಕಿರಣಕ್ಕೆ ಮಕ್ಕಳನ್ನು ಕರೆದುಕೊಂಡು ಬರಬೇಡಿ ಎಂದು ತಂದೆತಾಯಂದಿರಲ್ಲಿ ಮೊದಲೇ ಕೇಳಿಕೊಂಡಿದ್ದೆವು. ಯಗಟಿ, ಶಿವನಿ, ಲಿಂಗದಹಳ್ಳಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರಿಗೆ ಅದು ಸುಲಭದ ಮಾತಲ್ಲ. ಆದರೂ ಕೇಳಿಕೊಂಡದ್ದಕ್ಕೆ ಕಾರಣವಿದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಇಬ್ಬರು ಮಕ್ಕಳು ಹತ್ತಿರ ಕೂತರೆ, ಒಂದು ಮಗುವಿನ ಶ್ವಾಸಕೋಶದಲ್ಲಿ ಬೀಡುಬಿಟ್ಟ ರೋಗಾಣು ಇನ್ನೊಂದಕ್ಕೆ ದಾಟುವ ಅಪಾಯವಿದೆ. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ 2013ರಲ್ಲೇ ಈ ರೋಗಿಗಳ ನಡುವೆ ಆರು ಅಡಿ ಅಂತರ ಇರಬೇಕು, ಆಸ್ಪತ್ರೆಗೆ ಬಂದಾಗ ಮಾಸ್ಕ್ ಹಾಕಬೇಕು ಎಂದು ಮಾರ್ಗಸೂಚಿ ಹೊರಡಿಸಿತ್ತು. ಮಾಸ್ಕು, ಅಂತರ, ಕೈ ತೊಳೆಯುವುದು ಕೊರೊನಾ ಜೊತೆ ಬಂದ ಹೊಸ ಪಾಠ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಈ ಕಾಯಿಲೆಯೊಂದಿಗೆ ಬದುಕುವವರಿಗೆ ಅದು ಹಳೆಯ ಪಾಠ.

ಹಾಗಾಗಿ 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಈ ಮಕ್ಕಳನ್ನು ಕಾಡಿದ್ದು ಬೇರೆಯೇ ಚಿಂತೆ. ದಿನಕ್ಕೆರಡು ಬಾರಿ ಎದೆಯ ಕಫ ತೆಗೆಯಬೇಕು, ಉಸಿರು ಏರಿ ಮೈ ಬೆವರುವಷ್ಟು ಓಡಿ ಆಡಬೇಕು. ತಜ್ಞರ ಭೇಟಿ ಇಲ್ಲದೆ, ಶಾಲೆಯ ಬಯಲಿಲ್ಲದೆ, ಔಷಧ ತರುವ ಬಸ್ಸಿಲ್ಲದೆ ಇದನ್ನು ನಡೆಸಿಕೊಂಡು ಹೋಗುವುದು ಹೇಗೆ? ನಾನು ಇಂದು ಮುಂದಿಡುವ ಮಾತು ಒಂದೇ. ಕಡೂರು, ತರೀಕೆರೆ, ಅಜ್ಜಂಪುರ, ನಮ್ಮ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಈ ಕಾಯಿಲೆಯ ನಿಜವಾದ ಆಸ್ಪತ್ರೆ ಮನೆಯೇ. ಆ ಮನೆಯವರ ಕೈಗೆ ಬೇಕಾದ ಕೆಲಸವನ್ನು ಕಲಿಸುವ, ಆಗಾಗ ತಿದ್ದುವ ಹೊಣೆಯನ್ನು ತಾಲ್ಲೂಕು ಮಟ್ಟದಲ್ಲಿ ಯಾರೂ ಹೊತ್ತಿಲ್ಲ. ಅದನ್ನು ಹೊರುವ ಬಗೆ ಹೇಗೆಂದು ಗೊತ್ತುಮಾಡಿಕೊಳ್ಳಲು ಇಲ್ಲಿ ಸೇರಿದ್ದೇವೆ.

ಕಾಯಿಲೆಯ ಬಗ್ಗೆ ತಿಳಿಯದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಏಳನೇ ವರ್ಣತಂತುವಿನಲ್ಲಿರುವ ಸಿ.ಎಫ್.ಟಿ.ಆರ್. ಎಂಬ ವಂಶವಾಹಿಯ ದೋಷದಿಂದ ಇದು ಬರುತ್ತದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1989ರಲ್ಲಿ. ಜೀವಕೋಶದಲ್ಲಿ ಕ್ಲೋರೈಡ್ ಹಾದುಹೋಗುವ ದಾರಿ ಕೆಟ್ಟು, ಶ್ವಾಸನಾಳದ ಲೋಳೆ ನೀರಿನಂಶ ಕಳೆದುಕೊಂಡು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ರೋಗಾಣು ನೆಲೆಯೂರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಮೇದೋಜ್ಜೀರಕ ಗ್ರಂಥಿಯ ರಸವೂ ಕರುಳಿಗೆ ಇಳಿಯುವುದಿಲ್ಲ. ಮಗು ಹೊಟ್ಟೆ ತುಂಬ ಉಂಡರೂ ಮೈ ಹತ್ತುವುದಿಲ್ಲ, ಮಲ ಜಿಡ್ಡಾಗಿ ನಾರುತ್ತದೆ. ಬೆವರಿನಲ್ಲಿ ಉಪ್ಪು ವಿಪರೀತ. ಮುತ್ತಿಟ್ಟ ತಾಯಿಯ ತುಟಿಗೆ ಅದು ಗೊತ್ತಾಗುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ನಮ್ಮ ಕಡೆ ಇನ್ನೂ ಇರುವುದರಿಂದ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹಳ ಕಾಲ ಉಳಿಯಿತು. ಭಾರತೀಯ ಮಕ್ಕಳಲ್ಲಿ ಇದು ವರದಿಯಾದದ್ದು 1968ರಲ್ಲೇ. ದೆಹಲಿಯ ಏಮ್ಸ್‌ನಲ್ಲಿ ಡಾ. ಎಸ್.ಕೆ. ಕಾಬ್ರಾ ಮತ್ತು ಅವರ ತಂಡ ಕಡಿಮೆ ಖರ್ಚಿನಲ್ಲಿ ಬೆವರು ಸಂಗ್ರಹಿಸಿ ಕ್ಲೋರೈಡ್ ಅಳೆದು ಈ ಕಾಯಿಲೆ ಪತ್ತೆ ಮಾಡುವ ದೇಶೀ ವಿಧಾನವನ್ನು ರೂಪಿಸಿ 2002ರಲ್ಲಿ ಪ್ರಕಟಿಸಿತು. ಆದರೂ ತಾಲ್ಲೂಕು ಮಟ್ಟದಲ್ಲಿ ಇಂಥ ಮಗು ಇಂದಿಗೂ ಮೂರು ಬೇರೆ ಬೇರೆ ಪುಸ್ತಕಗಳಲ್ಲಿ ಕಳೆದುಹೋಗುತ್ತದೆ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಅದು ಅಪೌಷ್ಟಿಕ ಮಗು. ಹೊರರೋಗಿ ಚೀಟಿಯಲ್ಲಿ ಉಬ್ಬಸ. ಕೆಮ್ಮು ಬಿಡದಿದ್ದರೆ ಕ್ಷಯದ ಮಾತ್ರೆ. ಮೂರೂ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿ ನೋಡುವವರು ಬೇಕು.

ಈಗ ಲಾಕ್‌ಡೌನಿಗೆ ಬರುತ್ತೇನೆ. ಅದರ ಲೆಕ್ಕಾಚಾರವೆಲ್ಲ ಜಿಲ್ಲೆಯದು. ಹಸಿರು ವಲಯ, ಕಿತ್ತಳೆ ವಲಯ, ಗಡಿಯಲ್ಲಿ ಚೆಕ್‌ಪೋಸ್ಟ್, ಪಾಸು. ರೋಗಿಯ ದಾರಿ ಜಿಲ್ಲೆಯ ಗಡಿಯನ್ನು ಕೇಳಿ ಸಾಗುವುದಿಲ್ಲ. ತರೀಕೆರೆ, ಲಕ್ಕವಳ್ಳಿಯವರು ಎದೆಯ ಕಾಯಿಲೆ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆ ಹೊರಡುತ್ತಾರೆ. ಅಜ್ಜಂಪುರ, ಶಿವನಿಯವರಿಗೆ ದಾವಣಗೆರೆಯ ದಾರಿಯೂ ಇದೆ. ಪಂಚನಹಳ್ಳಿಯವರು ಅರಸೀಕೆರೆ ದಾಟಿ ಹಾಸನಕ್ಕೆ ಹೋಗುತ್ತಾರೆ. ಬೆವರು ಪರೀಕ್ಷೆ, ತಜ್ಞರ ಸಲಹೆ ಎಂದರೆ ಬೆಂಗಳೂರು, ಇಲ್ಲವೇ ವೆಲ್ಲೂರಿನ ಸಿ.ಎಂ.ಸಿ. ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮಂದಿಗೆ ದೊಡ್ಡ ಆಸ್ಪತ್ರೆ ಬಹುಪಾಲು ಇನ್ನೊಂದು ಜಿಲ್ಲೆಯಲ್ಲಿ. ಬೀರೂರಿನಲ್ಲಿ ಕವಲೊಡೆದು ಒಂದು ಶಿವಮೊಗ್ಗಕ್ಕೂ ಇನ್ನೊಂದು ದಾವಣಗೆರೆ, ಹುಬ್ಬಳ್ಳಿಗೂ ಹೋಗುವ ರೈಲು ದಾರಿಗಳೆರಡೂ ಆಗ ಮೌನ. ಬೆಂಗಳೂರಿನ ಅಂಗಡಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿ ತರಿಸುತ್ತಿದ್ದ, ಜೀರ್ಣಕ್ಕೆ ನೆರವಾಗುವ ಎಂಜೈಮ್ ಮಾತ್ರೆಗೂ ದಾರಿ ಇಲ್ಲ. ಆ ದಿನಗಳಲ್ಲಿ ಅಂಚೆ ಇಲಾಖೆ ಔಷಧದ ಪೊಟ್ಟಣಗಳನ್ನು ಊರೂರಿಗೆ ಮುಟ್ಟಿಸಿದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಈ ಮನೆಗಳನ್ನು ಹಿಂಡಿದ ಸಂಗತಿ ಒಂದಿದೆ. ಅದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ. ಕೆಮ್ಮು.

ಈ ಮಗು ಕೆಮ್ಮಲೇಬೇಕು. ಕೆಮ್ಮಿದಷ್ಟೂ ಒಳ್ಳೆಯದು. ಆದರೆ 2020ರ ಬೇಸಿಗೆಯಲ್ಲಿ ಹಳ್ಳಿಯ ಓಣಿಯಲ್ಲಿ ಒಂದು ಮನೆಯಿಂದ ದಿನಕ್ಕೆರಡು ಬಾರಿ, ಅರ್ಧರ್ಧ ಗಂಟೆ, ಕಫದ ಕೆಮ್ಮು ಕೇಳಿಸಿದರೆ ಅಕ್ಕಪಕ್ಕದವರು ಏನೆಂದುಕೊಂಡಾರು? ಆ ಮನೆಯ ಕಡೆ ಹಾಲು ಹಾಕುವವರು ಬರಲಿಲ್ಲ, ಸೀಲ್‌ಡೌನ್ ಆಗುತ್ತದಂತೆ ಎಂಬ ಸುದ್ದಿ ಹಬ್ಬಿತು ಎನ್ನುವುದು ಆ ಕಾಲದಲ್ಲಿ ಯಾವ ಊರಿಗೂ ಹೊಸದಲ್ಲ. ಸಮೀಕ್ಷೆಗೆ ಬಂದವರ ಮುಂದೆ ಕೆಮ್ಮಿದೆ ಎನ್ನಲು ಹೆದರಿಕೆ. ಮಗುವಿಗೆ ಮೆಲ್ಲಗೆ ಕೆಮ್ಮು ಎಂದು ಹೇಳಿಕೊಡುವುದು, ಕಫ ಸಡಿಲಿಸಲು ಬೆನ್ನು ತಟ್ಟುವ ಕೆಲಸವನ್ನು ಬೀದಿ ಮಲಗಿದ ಮೇಲೆ ರಾತ್ರಿಗೆ ತಳ್ಳುವುದು, ಕೊನೆಗೆ ಔಷಧದಂಗಡಿಯಿಂದ ಕೆಮ್ಮು ಕಟ್ಟುವ ಸಿರಪ್ ತಂದು ಕುಡಿಸುವುದು. ಇದರಲ್ಲಿ ಮೂರನೆಯದು ನೇರವಾಗಿ ಅಪಾಯ. ಕೆಮ್ಮು ಕಟ್ಟಿದರೆ ಕಫ ಒಳಗೇ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬಲಿಯುತ್ತದೆ.

ಇದಕ್ಕೆ ಪರಿಹಾರ ಬಹಳ ಸಣ್ಣದು, ಖರ್ಚಿಲ್ಲದ್ದು. ವೈದ್ಯರು ತಮ್ಮ ಕಾಗದದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಬೇಕು: ಈ ಮಗುವಿಗೆ ಹುಟ್ಟಿನಿಂದ ಬಂದ ಕಾಯಿಲೆಯಿದೆ, ಕಾಯಿಲೆ ಇನ್ನೊಬ್ಬರಿಗೆ ಅಂಟುವಂಥದ್ದಲ್ಲ, ಕೆಮ್ಮಿ ಕಫ ತೆಗೆಯುವುದೇ ಚಿಕಿತ್ಸೆ. ಆ ಕಾಗದದ ಒಂದು ಪ್ರತಿ ಆಶಾ ಕಾರ್ಯಕರ್ತೆಯ ಹತ್ತಿರ, ಒಂದು ಶಾಲೆಯಲ್ಲಿ ಇರಲಿ. ಕೊರೊನಾ ಹೋದ ಮೇಲೂ ಇದು ಬೇಕು. ಕೆಮ್ಮುತ್ತಾಳೆಂದು ಹಿಂದಿನ ಬೆಂಚಿಗೆ ಕಳಿಸಿದ ಹುಡುಗಿ ಕೆಮ್ಮನ್ನು ನುಂಗುವುದನ್ನು ಬೇಗ ಕಲಿಯುತ್ತಾಳೆ.

ಇನ್ನು ಎದೆಯ ಫಿಸಿಯೋಥೆರಪಿ. ಮನೆಯಲ್ಲಿ ಇದು ನಡೆಯುವುದು ಹೀಗೆ. ಹೊತ್ತು ಬೆಳಗಿನ ತಿಂಡಿಗೆ ಮೊದಲು. ಊಟವಾದ ಮೇಲಾದರೆ ಕನಿಷ್ಠ ಒಂದೂವರೆ ಗಂಟೆ ಬಿಡಬೇಕು, ಇಲ್ಲದಿದ್ದರೆ ವಾಂತಿಯಾಗುತ್ತದೆ. ಮೊದಲು ಶ್ವಾಸನಾಳ ಸಡಿಲಿಸುವ ಔಷಧ, ಆಮೇಲೆ ನೆಬ್ಯುಲೈಜರಿನಲ್ಲಿ ವೈದ್ಯರು ಬರೆದ ಶೇ. 3 ಅಥವಾ ಶೇ. 7ರ ಉಪ್ಪುನೀರು, ಆಮೇಲೆ ಕಫ ತೆಗೆಯುವುದು, ಎಲ್ಲ ಮುಗಿದ ಮೇಲೆ ನೆಬ್ಯುಲೈಜರಿನ ಆಂಟಿಬಯೋಟಿಕ್. ಈ ಸರದಿ ಹಿಂದುಮುಂದಾದರೆ ದುಬಾರಿ ಔಷಧ ಕಫದ ಮೇಲೆ ಕೂತು ವ್ಯರ್ಥವಾಗುತ್ತದೆ. ಬೆನ್ನಿನ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಕಿ, ತಾಯಿ ಬೆರಳುಗಳನ್ನು ಒತ್ತಾಗಿ ಜೋಡಿಸಿ ಅಂಗೈಯನ್ನು ಗುಳಿ ಮಾಡಿಕೊಳ್ಳುತ್ತಾಳೆ. ಮಣಿಕಟ್ಟು ಸಡಿಲವಾಗಿರಬೇಕು. ತಟ್ಟಿದಾಗ ‘ಡಬ್ ಡಬ್’ ಎಂಬ ಟೊಳ್ಳು ಸದ್ದು ಬರಬೇಕು. ‘ಚಟ್’ ಎಂದರೆ ಅಂಗೈ ಚಪ್ಪಟೆಯಾಗಿದೆ ಎಂದರ್ಥ. ಮಗುವಿಗೆ ಉರಿಯುತ್ತದೆ, ಕಫ ಕದಲುವುದಿಲ್ಲ. ಬೆನ್ನಿನ ಮೇಲ್ಭಾಗ, ಎರಡೂ ಪಕ್ಕೆ, ಎದೆಯ ಮುಂಭಾಗ, ಒಂದೊಂದು ಕಡೆ ಮೂರರಿಂದ ಐದು ನಿಮಿಷ. ಬೆನ್ನೆಲುಬಿನ ಮೇಲೆ, ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲೆ ಕೈ ಬೀಳಬಾರದು. ವಿಡಿಯೋ ಕರೆಯಲ್ಲಿ ಚಿತ್ರ ನಿಂತು ನಿಂತು ಬರುವಾಗಲೂ ಈ ಸದ್ದು ಮಾತ್ರ ಕೇಳಿಸುತ್ತದೆ. ಲಾಕ್‌ಡೌನಿನಲ್ಲಿ ನಮ್ಮಂಥ ಫಿಸಿಯೋಥೆರಪಿಸ್ಟರು ಎಷ್ಟೋ ತಾಯಂದಿರ ಕೈಯನ್ನು ಕಿವಿಯಿಂದಲೇ ತಿದ್ದಿದ್ದೇವೆ.

ಹಳೆಯ ಪುಸ್ತಕಗಳಲ್ಲಿ ಮಗುವನ್ನು ತಲೆಕೆಳಗಾಗಿ ಇಳಿಜಾರು ಮಲಗಿಸಿ ತಟ್ಟುವ ಚಿತ್ರಗಳಿವೆ. ಕೂಸುಗಳಿಗೆ ಅದು ಬೇಡ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಸೇರುವ ಭಯವಿದೆ ಎಂದು ಮೆಲ್ಬರ್ನಿನ ಸಂಶೋಧನೆಗಳು ತೋರಿಸಿ ಎಷ್ಟೋ ವರ್ಷಗಳಾದವು. ಇಲ್ಲಿರುವ ಸಹೋದ್ಯೋಗಿಗಳು ತಮ್ಮ ಗೋಡೆಯ ಮೇಲಿನ ಚಾರ್ಟನ್ನು ಒಮ್ಮೆ ನೋಡಿಕೊಳ್ಳಿ.

ಮಗು ಆರೇಳು ವರ್ಷ ದಾಟಿದರೆ ತಟ್ಟುವ ಕೈಯನ್ನೇ ನೆಚ್ಚಿಕೊಂಡಿರಬೇಕಾಗಿಲ್ಲ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ರೂಪುಗೊಂಡ ಉಸಿರಾಟದ ಆವರ್ತನ ಪದ್ಧತಿಯನ್ನು ಯಾವ ಯಂತ್ರವೂ ಇಲ್ಲದೆ ಮಾಡಬಹುದು. ಹಾಯಾಗಿ ಉಸಿರಾಡು, ಮೂರು ನಾಲ್ಕು ಬಾರಿ ಆಳವಾಗಿ ಎಳೆದು ಸ್ವಲ್ಪ ಹಿಡಿ, ಮತ್ತೆ ಹಾಯಾಗಿರು, ಆಮೇಲೆ ಬಾಯಿ ಅಗಲಿಸಿ ಕನ್ನಡಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ಉಸಿರು ದಬ್ಬು. ಈ ‘ಹಫ್’ ಕಫವನ್ನು ಅಂಚಿನಿಂದ ದೊಡ್ಡ ನಾಳಕ್ಕೆ ತರುತ್ತದೆ, ಗಂಟಲು ಕೆರೆಯುವುದೂ ಕಡಿಮೆ. ಸಣ್ಣವರಿಗೆ ಗುಳ್ಳೆ ಬಾಟಲಿ ಇಷ್ಟ. ಲೀಟರ್ ಬಾಟಲಿಗೆ ಹತ್ತು ಸೆಂಟಿಮೀಟರಿನಷ್ಟು ನೀರು ಹಾಕಿ, ಅಗಲ ಕೊಳವೆಯನ್ನು ತಳದ ತನಕ ಬಿಟ್ಟು ಗುಳುಗುಳು ಊದಿಸುವುದು. ನೀರಿನ ಎದುರೊತ್ತಡ ಸಣ್ಣ ನಾಳಗಳನ್ನು ತೆರೆದಿಡುತ್ತದೆ. ಹತ್ತು ಹನ್ನೆರಡು ಊದು, ಆಮೇಲೆ ಹಫ್, ಹೀಗೆ ಕೆಲವು ಸುತ್ತು. ಒಂದು ಎಚ್ಚರಿಕೆಯನ್ನು ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ತೋಟದಲ್ಲಿ ಮಿಕ್ಕ ಡ್ರಿಪ್ ಪೈಪಿನ ತುಂಡನ್ನು ಇದಕ್ಕೆ ಬಳಸಬೇಡಿ, ಅದರಲ್ಲಿ ಗೊಬ್ಬರದ ನೀರು ಹರಿದಿರುತ್ತದೆ. ಹೊಸ ಕೊಳವೆಯೇ ಆಗಬೇಕು. ಪ್ರತಿ ಸಲ ನೀರು ಚೆಲ್ಲಿ, ತೊಳೆದು, ಪೂರ್ತಿ ಒಣಗಿಸಬೇಕು. ನೆಬ್ಯುಲೈಜರಿನ ಬಟ್ಟಲಿಗೂ ಇದೇ ಮಾತು. ಒದ್ದೆಯಲ್ಲಿ ಸ್ಯೂಡೋಮೋನಸ್ ಎಂಬ ರೋಗಾಣು ಬೆಳೆಯುತ್ತದೆ.

‘ಮಗು ಚೆನ್ನಾಗೇ ಇದೆಯಲ್ಲ, ಇವತ್ತೊಂದು ದಿನ ಬಿಟ್ಟರೆ ಏನಾಗುತ್ತೆ?’ ಎಂದು ಮನೆಯವರು ಕೇಳುತ್ತಾರೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ. ಅದೇ ಇದರ ಕಷ್ಟ. ಬಿಟ್ಟ ವಾರಗಳ ಲೆಕ್ಕ ತಿಂಗಳ ಮೇಲೆ ಜ್ವರವಾಗಿ, ಇಳಿದ ತೂಕವಾಗಿ ಬರುತ್ತದೆ. ಈ ಕೆಲಸವೆಲ್ಲ ಒಬ್ಬ ತಾಯಿಯ ಮೇಲೇ ಬಿದ್ದಿರುವುದು ಅನ್ಯಾಯ ಎಂದೂ ಹೇಳದೆ ಇರಲಾರೆ. ಒಲೆ, ಕೊಟ್ಟಿಗೆ, ಉಳಿದ ಮಕ್ಕಳು, ಅದರ ಮೇಲೆ ದಿನಕ್ಕೆ ಎರಡು ಸಲ ಇದು. ಲಾಕ್‌ಡೌನಿನಲ್ಲಿ ಅಪ್ಪ, ಚಿಕ್ಕಪ್ಪ, ಅಜ್ಜ ಎಲ್ಲರೂ ಮನೆಯಲ್ಲಿದ್ದರು. ಅವರ ಕೈಗೂ ಈ ಕೆಲಸ ಕಲಿಸಿದ ಮನೆಗಳಲ್ಲಿ ಅದು ತಪ್ಪದೆ ನಡೆಯಿತು. ಇನ್ನು ಮುಂದೆ ತರಬೇತಿಗೆ ಕರೆಯುವಾಗ ‘ತಾಯಿ’ ಎಂದಷ್ಟೇ ಚೀಟಿಯಲ್ಲಿ ಬರೆಯಬೇಡಿ.

ವ್ಯಾಯಾಮಕ್ಕೆ ಬರೋಣ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೆಟ್ರೀಷಿಯಾ ನಿಕ್ಸನ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಈ ಕಾಯಿಲೆಯ 109 ಜನರ ದೇಹದಾರ್ಢ್ಯವನ್ನು ಅಳೆದು ಎಂಟು ವರ್ಷ ಅವರ ಜಾಡು ಹಿಡಿದಿದ್ದರು. ಹೆಚ್ಚು ಕಸುವುಳ್ಳವರ ಗುಂಪಿನಲ್ಲಿ ಎಂಟು ವರ್ಷದ ನಂತರ ಶೇ. 83ರಷ್ಟು ಜನ ಬದುಕಿದ್ದರು. ಅತಿ ಕಡಿಮೆ ಕಸುವಿನವರಲ್ಲಿ ಶೇ. 28. ಕಸುವಿದ್ದದ್ದರಿಂದಲೇ ಬದುಕಿದರೆಂದು ಇದೊಂದರಿಂದ ಸಾಧಿಸಲಾಗದು, ಕಾಯಿಲೆ ಹಗುರವಾಗಿದ್ದವರು ಹೆಚ್ಚು ಓಡಿರಬಹುದು. ಆದರೂ ಓಡುವ ಮಗುವಿನ ಉಸಿರು ಜೋರಾದಾಗ ಕಫ ಸಡಿಲವಾಗುವುದನ್ನು, ಹಸಿವು ಹೆಚ್ಚುವುದನ್ನು ನಾವು ದಿನವೂ ನೋಡುತ್ತೇವೆ. ವ್ಯಾಯಾಮ ಮಾಡಿಸಿದೆವು ಎಂದು ಕಫ ತೆಗೆಯುವುದನ್ನು ಬಿಡುವಂತಿಲ್ಲ. ಎರಡೂ ಬೇಕು.

ಶಾಲೆ ಮುಚ್ಚಿದಾಗ ಮೊದಲು ಹೋದದ್ದು ಆಟದ ಬಯಲು. ಮೊಬೈಲ್ ಪಾಠ ಮಗುವನ್ನು ಗೋಡೆಗೆ ಒರಗಿಸಿತು. ಆದರೆ ನಮ್ಮ ಊರುಗಳಲ್ಲಿ ಜಾಗಕ್ಕೆ ಬರವಿಲ್ಲ. ಹಿತ್ತಲಿನಲ್ಲಿ ಕುಂಟೆಬಿಲ್ಲೆ, ಹಗ್ಗದಾಟ, ತೆಂಗಿನ ಸಾಲಿನ ನಡುವೆ ಓಟ, ತಾರಸಿಯ ಮೆಟ್ಟಿಲು ಹತ್ತಿಳಿಯುವುದು, ಸೂರ್ಯ ನಮಸ್ಕಾರ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಬಂದರೆ ಸಾಕು. ನಡುನಡುವೆ ನಿಲ್ಲಿಸಿ ಎರಡು ಹಫ್.

ಜಾಗ ಆರಿಸುವಾಗ ಮಾತ್ರ ಎಚ್ಚರ ಬೇಕು. ಬೂಸು ಹಿಡಿದ ಹುಲ್ಲಿನ ಬಣವೆ, ಹಳೆಯ ಅಡಿಕೆ ಸಿಪ್ಪೆಯ ಗುಡ್ಡೆ, ಗೊಬ್ಬರದ ತಿಪ್ಪೆಯ ಹತ್ತಿರ ಆಟ ಬೇಡ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಲ್ಲಿದೆ. ಈರುಳ್ಳಿ ಬೆಳೆಯುವ ಅಜ್ಜಂಪುರ ಕಡೆಯವರಿಗೆ ಇನ್ನೊಂದು ಮಾತು. ಈ ಮಕ್ಕಳ ಶ್ವಾಸಕೋಶಕ್ಕೆ ಹೊಕ್ಕರೆ ಬಿಡಿಸಲು ಬಹಳ ಕಷ್ಟವಾದ ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಎಂಬ ರೋಗಾಣು ಮೊದಲು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಕೊಳೆತ ಈರುಳ್ಳಿಯಲ್ಲಿ. ಅಮೆರಿಕದ ಸಸ್ಯರೋಗ ವಿಜ್ಞಾನಿ ವಾಲ್ಟರ್ ಬರ್ಕ್‌ಹೋಲ್ಡರ್ ನ್ಯೂಯಾರ್ಕ್ ಪ್ರಾಂತ್ಯದ ಈರುಳ್ಳಿ ಕೊಳೆಯನ್ನು ಪರೀಕ್ಷಿಸಿ 1950ರಲ್ಲಿ ಅದನ್ನು ವರ್ಣಿಸಿದರು. ಈರುಳ್ಳಿ ಬೆಳೆಯುವ ಊರಿನಲ್ಲಿ ಮಗುವನ್ನು ಹೊಲಕ್ಕೇ ಕಳಿಸಬೇಡಿ ಎನ್ನಲಾಗದು. ಮಳೆಗೆ ಸಿಕ್ಕಿ ಕೊಳೆತ ರಾಶಿಯನ್ನು ಆರಿಸಿ ಬೇರ್ಪಡಿಸುವ ಕೆಲಸಕ್ಕೆ ಈ ಮಗುವನ್ನು ಕೂರಿಸಬೇಡಿ. ಬೆಲೆ ಬಿದ್ದು ರೈತರು ಚೀಲಗಟ್ಟಲೆ ರಸ್ತೆಬದಿಗೆ ಸುರಿದ ವರ್ಷಗಳಲ್ಲಂತೂ ಆ ದಾರಿಯೇ ಬೇಡ.

ಇನ್ನು ಉಪ್ಪು. ಲಾಕ್‌ಡೌನ್ ಶುರುವಾದದ್ದು ಕಡೂರಿನ ಬಿಸಿಲು ಏರುವ ಹೊತ್ತಿಗೆ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬಿಸಿಗಾಳಿ ಬಡಿದಾಗ ಈ ಕಾಯಿಲೆಯ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಕುಸಿದರು. ಆ ಜಾಡು ಹಿಡಿದು ಪಾಲ್ ಡಿ ಸ್ಯಾಂಟ್ ಆಗ್ನೀಸ್ ಬೆವರಿನಲ್ಲಿ ಉಪ್ಪು ಹೋಗುವುದನ್ನು 1953ರಲ್ಲಿ ತೋರಿಸಿಕೊಟ್ಟರು. 1959ರ ಹೊತ್ತಿಗೆ ಗಿಬ್ಸನ್ ಮತ್ತು ಕುಕ್ ಅವರ ಬೆವರು ಪರೀಕ್ಷೆ ಬಂತು. ಬಯಲುಸೀಮೆಯ ಏಪ್ರಿಲಿನಲ್ಲಿ ಓಡಿಸಿದರೆ ಮಗು ಬೆವರುತ್ತದೆ, ಉಪ್ಪು ಕಳೆದುಕೊಳ್ಳುತ್ತದೆ. ಆಟ ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಇಳಿಹೊತ್ತಿಗೆ. ಉಪ್ಪು ಹೆಚ್ಚು ಹಾಕಿದ ಮಜ್ಜಿಗೆ, ಗಂಜಿ ಕೈಗೆಟುಕುವಂತಿರಲಿ. ಎದೆಹಾಲು ಕುಡಿಯುವ ಕೂಸಿಗೆ ಎಷ್ಟು ಉಪ್ಪು ಎಂಬುದನ್ನು ವೈದ್ಯರೇ ಹೇಳಬೇಕು. ಬೇಸಿಗೆಯಲ್ಲಿ ಕೂಸು ಮಂಕಾಗಿ, ಹಾಲು ಕಕ್ಕಿ, ರಕ್ತದಲ್ಲಿ ಸೋಡಿಯಂ ಇಳಿದು ಬಂದರೆ ಈ ಕಾಯಿಲೆಯನ್ನೂ ನೆನೆಯಿರಿ ಎಂದು ತಾಲ್ಲೂಕು ಆಸ್ಪತ್ರೆಯ ಮಿತ್ರರಲ್ಲಿ ನನ್ನ ಬಿನ್ನಹ.

ಲಾಕ್‌ಡೌನ್ ಜಾರಿಗೆ ಬಂದ ದಿನವೇ, ಮಾರ್ಚ್ 25ರಂದು, ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿಯನ್ನೂ ಹೊರಡಿಸಿತು. ಫೋನಿನಲ್ಲಿ ಸಲಹೆ ಕೊಡಲು ಆವರೆಗೆ ಇದ್ದ ಅಳುಕು ಹೋಯಿತು. ಆ ಬಾಗಿಲನ್ನು ನಾವು ಮುಚ್ಚಬಾರದು. ಕೈಯಿಲ್ಲದ ಕುರ್ಚಿಯಿಂದ ಒಂದು ನಿಮಿಷದಲ್ಲಿ ಮಗು ಎಷ್ಟು ಸಲ ಎದ್ದು ಕೂರುತ್ತದೆಂದು ಎಣಿಸಿ, ಮೊದಲೂ ಆಮೇಲೂ ಬೆರಳಿನ ಆಕ್ಸಿಮೀಟರ್ ನೋಡಿ ಬರೆದಿಟ್ಟರೆ, ತಿಂಗಳಿಂದ ತಿಂಗಳಿಗೆ ಕಸುವು ಇಳಿಯುತ್ತಿದೆಯೇ ಎಂಬುದು ಮನೆಯಿಂದಲೇ ಗೊತ್ತಾಗುತ್ತದೆ. ಆಕ್ಸಿಮೀಟರ್ ಈಗ ಅಪರೂಪದ ವಸ್ತುವಲ್ಲ. ಕೊರೊನಾ ಕಾಲದಲ್ಲಿ ಅದನ್ನು ಬೆರಳಿಗೆ ಹಾಕಿ ಓದಲು ಆಶಾ ಕಾರ್ಯಕರ್ತೆಯರು ಕಲಿತಿದ್ದಾರೆ.

2021ರ ಮಾರ್ಚಿನಲ್ಲಿ ಬಂದ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಮೂರನೇ ಗುಂಪಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್‌ನ ಔಷಧಗಳಿವೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದರು. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಆಸ್ಪತ್ರೆ ಸೇರಿದ ಕೇಂದ್ರ ಗೊತ್ತಾಗಿದೆ. ಇದು ದೊಡ್ಡ ಹೆಜ್ಜೆ. ಆದರೆ ಅಲ್ಲಿಗೆ ತಲುಪಬೇಕಾದರೆ ಮೊದಲು ಕಾಯಿಲೆ ಪತ್ತೆಯಾಗಬೇಕು, ಪತ್ತೆಯಾಗುವವರೆಗೆ ಶ್ವಾಸಕೋಶ ಉಳಿದಿರಬೇಕು.

ಅದಕ್ಕೆ ಈ ಸಂಕಿರಣದ ಮುಂದೆ ಎರಡು ಕೆಲಸಗಳನ್ನು ಇಡುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ತಪಾಸಣೆ ಮಾಡುತ್ತವೆ. ಅವರ ಪಟ್ಟಿಯಲ್ಲಿ ಈ ಕಾಯಿಲೆ ಇಲ್ಲ. ತೀವ್ರ ಅಪೌಷ್ಟಿಕತೆ ಇದೆ, ಉಬ್ಬಸವೂ ಇದೆ. ಒಂದೇ ಮಗುವಿನ ಹೆಸರಿನ ಮುಂದೆ ಈ ಎರಡೂ ಗುರುತು ಬಿದ್ದರೆ ಬೆವರು ಪರೀಕ್ಷೆಗೆ ಕಳಿಸಬೇಕು ಎಂಬ ಒಂದು ಸಾಲನ್ನು ನಮ್ಮ ಮೂರು ತಾಲ್ಲೂಕುಗಳ ತಂಡಗಳು ತಮ್ಮ ಮಟ್ಟದಲ್ಲೇ ಸೇರಿಸಿಕೊಳ್ಳಬಹುದೇ? ಕಳಿಸಿದರೆ ಬೆಂಗಳೂರಿಗೆ ಹೋಗಿಬರುವ ಖರ್ಚು ಯಾರದು, ಜೊತೆಗೆ ಹೋಗುವವರು ಯಾರು? ಎರಡನೆಯದು, ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ತಲಾ ಒಬ್ಬರಾದರೂ ಎದೆಯ ಫಿಸಿಯೋಥೆರಪಿ ಕಲಿತವರು ಇರಬೇಕು, ಅವರ ಫೋನ್ ನಂಬರ್ ಮಗುವಿನ ತಾಯಿ ಕಾರ್ಡಿನ ಮೇಲೆ ಬರೆದಿರಬೇಕು. ಇವರು ಸಿಸ್ಟಿಕ್ ಫೈಬ್ರೋಸಿಸ್‌ಗೆ ಮಾತ್ರ ಕೂರಬೇಕಾಗಿಲ್ಲ. ಕ್ಷಯ ವಾಸಿಯಾದ ಮೇಲೂ ಕಫ ನಿಂತವರು, ಕೊರೊನಾ ನಂತರ ಏದುಸಿರು ಬಿಡುವವರು, ಸೆರೆಬ್ರಲ್ ಪಾಲ್ಸಿಯ ಮಕ್ಕಳು, ಎಲ್ಲರಿಗೂ ಇದೇ ಕೈ ಬೇಕು.

ಮೊದಲ ಗೋಷ್ಠಿ ಬೆವರು ಪರೀಕ್ಷೆಯದು, ಖರ್ಚಿನ ಪ್ರಶ್ನೆಯನ್ನು ಅಲ್ಲಿಯೇ ಎತ್ತಿಕೊಳ್ಳಿ. ಮಧ್ಯಾಹ್ನ ತಟ್ಟುವ ಅಭ್ಯಾಸ ಇದೆ. ಬಂದಿರುವ ತಂದೆಯರು ಹಿಂದೆ ಕೂರದೆ ಮುಂದಿನ ಸಾಲಿಗೆ ಬನ್ನಿ.